ಕಪಾಳ ಚೆಲುವರಾಜು ಅವರ ಮರಣೋತ್ತರ ಪಾತ್ರ

ಹೈದರಾಬಾದ್
9 ಜೂನ್ 2025

ಶ್ರೀಮತಿ ಚಾಮುಂಡಮ್ಮ ಚೆಲುವರಾಜು ಅವರಿಗೆ,
ಬನ್ನಿಮಂಟಪ, ಮೈಸೂರು

ಗೌರವಪೂರ್ವಕ ನಮಸ್ಕಾರಗಳು.

ನಾನು ಲಹರಿ. ಹೈದರಾಬಾದಿನ ನವಛಾಯಾ ಸ್ಟುಡಿಯೋದಲ್ಲಿ ಕಲಾವಿದರಿಂದ ಅನುಮತಿ ಪಡೆಯುವ ಕೆಲಸ ನನ್ನದು. ಇಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ ಆದ್ದರಿಂದ ಈ ಪತ್ರ ಬರೆಯುವ ಭಾಗ್ಯ ನನ್ನ ಪಾಲಿಗೆ ಬಂದಿದೆ.

ನಿಮ್ಮ ಯಜಮಾನರು, ಮರೆಯಲಾಗದ ಹಾಸ್ಯನಟ ದಿವಂಗತ ಚೆಲುವರಾಜು ಅವರ ಅಗಲಿಕೆಗೆ ತಡವಾಗಿಯಾದರೂ ನಮ್ಮ ಸಂತಾಪಗಳು. ಪೇದೆಯ ವೇಷದಲ್ಲಿ ನಾಯಕನಿಂದ ಕಪಾಳಕ್ಕೆ ಏಟು ತಿಂದು, ಆ ಏಟಿಗೂ ಒಂದು ಘನತೆ ತಂದುಕೊಟ್ಟವರು ಅವರು. ಜನ ಅವರನ್ನು ‘ಕಪಾಳ ಚೆಲುವರಾಜು’ ಎಂದು ಕರೆದದ್ದು ಸುಮ್ಮನೆ ಅಲ್ಲ. ಹೃದಯಾಘಾತದಿಂದ ಅವರು ತೀರಿಕೊಂಡ ದಿನ ಮೈಸೂರಿನಲ್ಲಿ ಜನಸಾಗರ ಸೇರಿತ್ತೆಂದೂ ಅಂಗಡಿಗಳು ತಾವಾಗಿಯೇ ಬಾಗಿಲು ಹಾಕಿದವೆಂದೂ ನಮ್ಮ ಎಐ ತಂತ್ರಾಂಶ ವರದಿ ಕೊಟ್ಟಿದೆ. ಓದಿ ಕಣ್ಣು ತುಂಬಿ ಬಂತು.

‘ಲಾಠಿಪುರ’ ಎಂಬ ನಮ್ಮ ಹೊಸ ಕನ್ನಡ ಚಿತ್ರದಲ್ಲಿ ಅವರನ್ನು ಮತ್ತೆ ತೆರೆಗೆ ತರಬೇಕೆಂದು ನಿರ್ದೇಶಕ ಸಮರ್ಥ ಅವರ ಆಸೆ. ಹಳೆಯ ಚಿತ್ರಗಳಿಂದ ಅವರ ಮುಖ, ದನಿ, ನಡಿಗೆಗಳನ್ನು ಎಐ ಕಲಿತುಕೊಂಡು ಹೊಸ ದೃಶ್ಯಗಳನ್ನು ತಾನೇ ತಯಾರಿಸುತ್ತದೆ. ಇದಕ್ಕೆ ವಾರಸುದಾರರಾದ ನಿಮ್ಮ ಒಪ್ಪಿಗೆ ಬೇಕು. ಜೊತೆಗಿರುವ ಪತ್ರದಲ್ಲಿ ‘ದಿವಂಗತರ ಪತ್ನಿ’ ಎಂಬ ಜಾಗದಲ್ಲಿ ಸಹಿ ಮಾಡಿ ಕಳಿಸಬೇಕಾಗಿ ವಿನಂತಿ. ಫೋನ್ ನಂಬರ್ ಕೊಟ್ಟರೆ ನಾನೇ ಮಾತನಾಡುತ್ತೇನೆ.

ಇತಿ,
ಲಹರಿ


ಬನ್ನಿಮಂಟಪ, ಮೈಸೂರು
14 ಜೂನ್ 2025
(ಬರೆದು ಅಂಚೆಗೆ ಹಾಕದ ಪತ್ರ)

ಲಹರಿ ಅಮ್ಮನವರಿಗೆ ಚಾಮುಂಡಮ್ಮ ಮಾಡುವ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ನೀವು ಯಾರ ಸಾವಿಗೆ ಕಣ್ಣು ತುಂಬಿಕೊಂಡಿದ್ದೀರೋ ಅವರು ಈಗ ವರಾಂಡದಲ್ಲಿ ಕೂತು ಕಡ್ಲೆಕಾಯಿ ಬಿಡಿಸುತ್ತಿದ್ದಾರೆ. ಬಟ್ಟಲಿಗೆ ಹಾಕಿದ್ದಕ್ಕಿಂತ ಬಾಯಿಗೆ ಹಾಕಿಕೊಂಡದ್ದೇ ಜಾಸ್ತಿ. ಅವರಿಗೆ ಸಕ್ಕರೆ ಕಾಯಿಲೆ ಇದೆ, ಮಂಡಿನೋವಿದೆ, ಗೊರಕೆ ಇದೆ. ಸಾವೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಇದೆ.

ಜನಸಾಗರದ ವಿಷಯ ನನಗೆ ತಿಳಿಯದು. ಅಂಗಡಿ ಬಾಗಿಲು ಹಾಕುವುದೇನೋ ನಿಜ. ನಮ್ಮ ಎದುರಿನ ಟೀ ಅಂಗಡಿಯವನು ಇವರು ಬರುವುದು ಕಂಡರೆ ಹಾಕುತ್ತಾನೆ, ಇವರ ಹಳೇ ಶೂಟಿಂಗ್ ಕಥೆ ಕೇಳಲಾರದೆ.

ನಿಮ್ಮ ಯಂತ್ರ ಎಲ್ಲಿ ತಪ್ಪಿತು ಎಂದೂ ಹೇಳಿಬಿಡುತ್ತೇನೆ. ಎಂಟು ವರ್ಷದ ಹಿಂದೆ ಇವರಿಗೆ ಸಿಕ್ಕ ಕೊನೆಯ ಪಾತ್ರ ನಾಯಕಿಯ ತೀರಿಹೋದ ಅಪ್ಪನದು. ಅಂದರೆ ಗೋಡೆ ಮೇಲೆ ಹಾರ ಹಾಕಿದ ಒಂದು ಫೋಟೋ. ಅದಕ್ಕೆ ಇವರನ್ನು ಕರೆಯಲೂ ಇಲ್ಲ, ನಮ್ಮ ಮನೆಯ ಆಲ್ಬಮ್ಮಿನಿಂದ ಫೋಟೋ ತರಿಸಿಕೊಂಡರು. ಆ ಹಾರ ನೋಡಿ ನಿಮ್ಮ ಯಂತ್ರ ಮಣ್ಣು ಮಾಡಿಬಿಟ್ಟಿದೆ. ಅಲ್ಲಿಂದ ಈಚೆಗೆ ಯಾರೂ ಕರೆದಿಲ್ಲ. ಆದರೂ ಇವರು ದಿನಾ ಬೆಳಿಗ್ಗೆ ಎದ್ದು ಗಡ್ಡ ತೆಗೆದು, ಪೌಡರ್ ಹಾಕಿಕೊಂಡು, ಗೇಟಿನ ಕಡೆ ಮುಖ ಮಾಡಿ ಕೂರುತ್ತಾರೆ. ಕಾರು ಬಂದರೆ ತಡ ಆಗಬಾರದಲ್ಲ ಎಂದು. ಅದನ್ನು ನೋಡಿಕೊಂಡು ಒಗ್ಗರಣೆ ಹಾಕುವುದು ನನ್ನ ಪಾಡು. ಆದ್ದರಿಂದ ಕೆಲಸ ಇದ್ದರೆ ಇವರನ್ನೇ ಕರೆಯಿರಿ.

ಇಷ್ಟು ಬರೆದು ಲಕೋಟೆಗೆ ಹಾಕುವಷ್ಟರಲ್ಲಿ ಇವರು ಹಿಂದೆ ನಿಂತು ಓದಿಬಿಟ್ಟರು.

“ಏ, ಕಳಿಸ್ಬ್ಯಾಡ ಕಣೇ. ಬದುಕಿದ್ದಾಗ ಒಬ್ಬ ನನ್ಮಗನೂ ಫೋನ್ ಮಾಡ್ನಿಲ್ಲ. ಸತ್ತಿವ್ನಿ ಅಂತ ಗೊತ್ತಾಗ್ತಿದ್ದಂಗೇ ಪಾತ್ರ ಕೊಟ್ಟವ್ರೆ. ಬದುಕಿವ್ನಿ ಅಂತ ಹೇಳಿ ಯಾಕೆ ಹಾಳು ಮಾಡ್ಕೋಬೇಕು?”

“ಹಣೇಲಿ ಕುಂಕುಮ ಇಟ್ಕೊಂಡು ನಿಮ್ಮನ್ನ ಸತ್ತೋರು ಅಂತ ಬರೀಲಾ? ಬಾಯಿಗೆ ಬೆಂಕಿ ಬೀಳ್ತದೆ,” ಎಂದೆ.

ಕೊನೆಗೆ ಒಪ್ಪಂದವಾಯಿತು. ಬೇರೆ ಪತ್ರ ಬರೆಯುತ್ತೇನೆ, ಇವರು ಬದುಕಿದ್ದಾರೆಂದು ಹೇಳುವುದಿಲ್ಲ, ಆದರೆ ಆ ಕೆಟ್ಟ ಮಾತನ್ನೂ ಬರೆಯುವುದಿಲ್ಲ, ಆ ಜಾಗದಲ್ಲಿ ಸಹಿಯನ್ನೂ ಮಾಡುವುದಿಲ್ಲ. ಅಪಶಕುನ ತಟ್ಟದಿರಲೆಂದು ಲಗ್ನಪತ್ರಿಕೆಗೆ ಹಚ್ಚುವ ಹಾಗೆ ಕಾಗದದ ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ ಹಚ್ಚುತ್ತೇನೆ. ಈ ಪತ್ರ ಸಾಸಿವೆ ಡಬ್ಬಿಯ ಕೆಳಗೆ ಹೋಗುತ್ತದೆ.

ಚಾಮುಂಡಮ್ಮ


ಬನ್ನಿಮಂಟಪ
17 ಜೂನ್ 2025

ಲಹರಿ ಅಮ್ಮನವರಿಗೆ ನಮಸ್ಕಾರ.

ನಿಮ್ಮ ಸಂತಾಪ ತಲುಪಿತು. ಮನೆಯಲ್ಲಿ ಎಲ್ಲರೂ ಓದಿದೆವು. ಘನತೆ ಎಂಬ ಮಾತಿದ್ದ ಸಾಲನ್ನು ಕೆಲವರು ಪದೇ ಪದೇ ಓದಿಸಿಕೊಂಡರು.

ನೀವು ಬರೆದ ಒಂದು ಮಾತನ್ನು ನಾನು ತಿರುಗಿ ಬರೆಯುವುದಿಲ್ಲ, ನೀವು ಹೇಗೆ ತಿಳಿದಿದ್ದೀರೋ ಹಾಗೇ ಇರಲಿ. ನಮ್ಮ ಯಜಮಾನರು ಪಾತ್ರ ಮಾಡಲಿ, ನಮ್ಮದೇನೂ ಅಡ್ಡಿ ಇಲ್ಲ. ಎರಡು ಷರತ್ತು. ಬಾಯಿಗೆ ಬೀಡಿ ಇಡಬಾರದು. ಏಟು ಒಂದು ಸಿನಿಮಾಕ್ಕೆ ಒಂದೇ, ಅದೂ ಬಲಗೆನ್ನೆಗೆ. ಎಡಗಡೆ ಹಲ್ಲು ಅಲ್ಲಾಡುತ್ತದೆ.

ಸಹಿ ಈಗಲೇ ಆಗದು. ಇನ್ನೇನು ಆಷಾಢ ಬರುತ್ತಿದೆ. ದಯವಿಟ್ಟು ಫೋನ್ ಮಾಡಬೇಡಿ, ನಮ್ಮ ಮನೆಯಲ್ಲಿ ಫೋನ್ ಸದ್ದಾದರೆ ನಾನು ಏಳುವ ಮೊದಲೇ ಬೇರೆ ಯಾರಾದರೂ ಎತ್ತಿಬಿಡುತ್ತಾರೆ. ಪತ್ರವೇ ಬರೆಯಿರಿ.

ಚಾಮುಂಡಮ್ಮ


ಹೈದರಾಬಾದ್
30 ಜೂನ್ 2025

ಮಾನ್ಯ ಚಾಮುಂಡಮ್ಮನವರಿಗೆ,

ನಿಮ್ಮ ಮನಸ್ಸು ದೊಡ್ಡದು. ಷರತ್ತುಗಳನ್ನು ಒಪ್ಪಿದ್ದೇವೆ. ಆಷಾಢ ಮುಗಿಯುವವರೆಗೆ ಕಾಯುತ್ತೇವೆ, ಅಷ್ಟರಲ್ಲಿ ಕೆಲಸ ನಡೆಯುತ್ತಿರುತ್ತದೆ.

ಎಐ ತಯಾರಿಸಿದ ಕೆಲವು ಚಿತ್ರಗಳನ್ನು ಕಳಿಸಿದ್ದೇನೆ. ನೋಡಲು ಕಷ್ಟವಾಗಬಹುದು, ಪಕ್ಕದಲ್ಲಿ ಯಾರಾದರೂ ಇರಲಿ.

ಒಂದು ಸಣ್ಣ ವಿಷಯ. ನಿಮ್ಮ ಪತ್ರದ ಮೂಲೆಗಳಲ್ಲಿ ಹಳದಿ, ಕೆಂಪು ಕಲೆಗಳಿದ್ದವು. ಕಡತಕ್ಕೆ ಸ್ಕ್ಯಾನ್ ಮಾಡುವಾಗ ನಮ್ಮ ಯಂತ್ರ ಅದನ್ನು ಸಾಂಬಾರಿನ ಕಲೆಯೆಂದು ಗುರುತಿಸಿ ಅಳಿಸಿ ಸ್ವಚ್ಛ ಮಾಡಿದೆ. ಒಳಗಿನ ಅಕ್ಷರಗಳಿಗೆ ತೊಂದರೆಯಾಗಿಲ್ಲ.

ಲಹರಿ


ಬನ್ನಿಮಂಟಪ
10 ಜುಲೈ 2025

ಲಹರಿ ಅಮ್ಮನವರಿಗೆ,

ನಾವು ಸಾಂಬಾರು ಉಣ್ಣುವ ಜಾಗದಲ್ಲಿ ಪತ್ರ ಬರೆಯುವವರಲ್ಲ. ಅದು ಸಾಂಬಾರಲ್ಲ. ಹೋಗಲಿ ಬಿಡಿ.

ಚಿತ್ರಗಳನ್ನು ನೋಡಿದೆ. ಮುಖ ಅವರದೇ, ಹಲ್ಲು ಮಾತ್ರ ಯಾರದ್ದೋ. ನಿಮ್ಮ ಯಂತ್ರ ಹಲ್ಲನ್ನೆಲ್ಲ ಸಾಲಾಗಿ ಜೋಡಿಸಿದೆ. ನಮ್ಮ ಯಜಮಾನರ ಮುಂದಿನ ಹಲ್ಲು ಎರಡು ಒಂದರ ಮೇಲೊಂದು ಹತ್ತಿಕೊಂಡಿವೆ. ಕೂದಲಿಗೆ ಅಷ್ಟು ಹೊಳಪು ಮದುವೆ ದಿನವೂ ಇರಲಿಲ್ಲ.

ಇನ್ನೊಂದು ವಿಷಯ. ನಿನ್ನೆ ಅವರು ಕನಸಿನಲ್ಲಿ ಬಂದಿದ್ದರು. ಮಧ್ಯಾಹ್ನದ ಕನಸು. ಸುಮಾರು ಹೊತ್ತು ಇದ್ದರು, ಕಾಫಿ ಕುಡಿದರು, ಸಕ್ಕರೆ ಸಾಲದು ಎಂದರು. ನಿಮಗೆ ತಿಳಿಸು ಎಂದು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

“ಏಟು ಬಿದ್ ತಕ್ಷಣ ಕೆನ್ನೆ ಮುಟ್ಕೋಬಾರ್ದು ಅಂತ ಏಳು. ಮೊದ್ಲು ಟೋಪಿ ಮುಟ್ಕೋಬೇಕು. ಪೇದೆಗೆ ಕೆನ್ನೆ ಓದ್ರೂ ಪರ್ವಾಗಿಲ್ಲ, ಸರ್ಕಾರದ್ ಟೋಪಿ ಬೀಳ್ಬಾರ್ದು. ಟೋಪಿ ನೆಟ್ಟಗದೆ ಅಂತ ಗೊತ್ತಾದ್ ಮ್ಯಾಲೇ ಕೆನ್ನೆ ನೆಪ್ಪಾಗೋದು.”

ಇದನ್ನು ಎದ್ದು ನಿಂತು ಮಾಡಿಯೂ ತೋರಿಸಿದರು. ಕನಸಿನಲ್ಲಿ.

ಚಾಮುಂಡಮ್ಮ


ಹೈದರಾಬಾದ್
28 ಜುಲೈ 2025

ಪ್ರಿಯ ಚಾಮುಂಡಮ್ಮನವರೇ,

ನಿಮ್ಮ ಕನಸಿನ ಮಾತನ್ನು ಸಭೆಯಲ್ಲಿ ಓದಿದೆ. ಟೋಪಿಯ ವಿಷಯ ಕೇಳಿ ಸಮರ್ಥ ಅವರು ಎದ್ದು ನಿಂತರು. ಇಂಥ ಕನಸು ವಾರಕ್ಕೊಂದು ಬೀಳುವ ಹಾಗಿದ್ದರೆ ಒಳ್ಳೆಯದಿತ್ತು ಎಂದರು. ಅದರ ಪ್ರಕಾರ ತಯಾರಾದ ಏಟಿನ ದೃಶ್ಯ ಈ ಪೆನ್‌ಡ್ರೈವಿನಲ್ಲಿದೆ. ನಾಯಕ ವಿಶ್ರುತ್ ಖಾಲಿ ಗಾಳಿಗೆ ಕೈ ಬೀಸಿದ್ದಾರೆ, ಆ ಗಾಳಿಯಲ್ಲಿ ಯಂತ್ರ ನಿಮ್ಮ ಯಜಮಾನರನ್ನು ತಂದು ನಿಲ್ಲಿಸಿದೆ.

ನನ್ನ ಜೊತೆ ನನ್ನ ಅಜ್ಜಿ ವೇದವತಿ ಇದ್ದಾರೆ. ಮೈಸೂರು ದೇವರಾಜ ಮೊಹಲ್ಲಾದಲ್ಲಿ ಹುಟ್ಟಿದವರು. ಕನ್ನಡ ಅಕ್ಷರ ಕಂಡರೆ ಬಿಡುವವರಲ್ಲ, ಮೊನ್ನೆ ನಿಮ್ಮ ಪತ್ರವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಒಂದು ಮಾತು ಹೇಳಿದರು. ಅದು ಈಗ ಬೇಡ.

ಆಷಾಢ ಮುಗಿಯಿತು. ಸಹಿ?

ಲಹರಿ


ಬನ್ನಿಮಂಟಪ
6 ಆಗಸ್ಟ್ 2025

ಲಹರಿ ಅಮ್ಮನವರಿಗೆ,

ಶ್ರಾವಣ ಬಂದಿದೆ, ನಾಡಿದ್ದು ವರಮಹಾಲಕ್ಷ್ಮಿ ಹಬ್ಬ. ಈ ತಿಂಗಳಲ್ಲಿ ಆ ಜಾಗದಲ್ಲಿ ಸಹಿ ಮಾಡುವುದು ನಮ್ಮಲ್ಲಿ ಇಲ್ಲ.

ದೃಶ್ಯ ನೋಡಿದೆ. ಪಕ್ಕದ ಮನೆಯವರ ಕಂಪ್ಯೂಟರಿನಲ್ಲಿ ಹಾಕಿಸಿದೆ. ನಮ್ಮ ಮನೆಯಲ್ಲಿ ಒಬ್ಬರು ಬಂಧುಗಳು ಇದ್ದಾರೆ, ಅವರೂ ಬಂದಿದ್ದರು. ಹೋಗುವಾಗ ಇಸ್ತ್ರಿ ಅಂಗಿ ಹಾಕಿಕೊಂಡು ಮದುಮಗನ ಹಾಗೆ ಹೋದರು. ಬರುವಾಗ ನನ್ನ ಹಿಂದೆ ಹಿಂದೆ ಬಂದರು. ಗೇಟಿನ ಹತ್ತಿರ ಬಂದಮೇಲೆ ಹೇಳಿದ್ದು ಇಷ್ಟು.

“ಅವ್ನು ಟೋಪಿ ಮುಟ್ಕೊಂಡ, ಸರಿ. ಆದ್ರೆ ಅವ್ನಿಗೆ ಎದ್ರಿಕೆನೇ ಇಲ್ವಲ್ಲ ಕಣೇ. ಏಟು ಬೀಳ್ತದೆ ಅಂತ ಎದ್ರುಕೊಂಡು, ಬೀಳಲ್ಲ ಅಂತ ಒಂಚೂರು ಆಸೆ ಇಟ್ಕೊಂಡಿರ್ಬೇಕು. ಆಸೆ ಇಲ್ದೋನಿಗೆ ಏಟು ಬಿದ್ರೆ ಯಾರ್ ನಗ್ತಾರೆ?”

ಆ ಬಂಧುಗಳು ಅವತ್ತಿನಿಂದ ಗಡ್ಡ ತೆಗೆದಿಲ್ಲ. ಎಂಟು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದವರಲ್ಲ. ಕುರ್ಚಿಯನ್ನು ಗೇಟಿನ ಕಡೆಯಿಂದ ಗೋಡೆಯ ಕಡೆಗೆ ತಿರುಗಿಸಿಕೊಂಡಿದ್ದಾರೆ. ನನಗೆ ಸಂಕಟವಾಗುತ್ತದೆ. ಅವರು ಯಾರು ಎಂದು ಕೇಳಬೇಡಿ.

ಚಾಮುಂಡಮ್ಮ


ಹೈದರಾಬಾದ್
20 ಆಗಸ್ಟ್ 2025

ಪ್ರಿಯ ಚಾಮುಂಡಮ್ಮನವರೇ,

ಯಾರು ಎಂದು ಕೇಳುವುದಿಲ್ಲ. ಅವರು ಹೇಳಿದ್ದು ಮಾತ್ರ ನಿಜ. ಹೋದ ವಾರ ಸ್ವಲ್ಪ ಜನರನ್ನು ಕೂರಿಸಿ ಚಿತ್ರ ತೋರಿಸಿದೆವು. ಏಟು ಬಿತ್ತು, ಯಾರೂ ನಗಲಿಲ್ಲ. ಒಬ್ಬರು ‘ಪಾಪ’ ಎಂದರು. ಹಾಸ್ಯದೃಶ್ಯಕ್ಕೆ ಪಾಪ ಎಂದರೆ ನಿರ್ಮಾಪಕರಿಗೆ ಜ್ವರ ಬರುತ್ತದೆ.

ಈಗ ಹೊಸ ಉಪಾಯ ಮಾಡಿದ್ದೇವೆ. ಚೆಲುವರಾಜು ಅವರನ್ನು ಚೆನ್ನಾಗಿ ಅನುಕರಿಸಬಲ್ಲ ಒಬ್ಬರು ಬೇಕು. ಅವರು ನಟಿಸುತ್ತಾರೆ, ಆಮೇಲೆ ಅವರ ಮುಖದ ಮೇಲೆ ಯಂತ್ರ ಚೆಲುವರಾಜು ಅವರ ಮುಖ ಕೂರಿಸುತ್ತದೆ. ನಿಮ್ಮ ಮೈಸೂರಿನಲ್ಲೇ ಹಿನಕಲ್ ಹತ್ತಿರ ಒಂದು ಗೋದಾಮು ಹಿಡಿದಿದ್ದೇವೆ, ಅಲ್ಲೇ ಪರೀಕ್ಷೆ. ನಿಮ್ಮ ಮನೆಯಲ್ಲಿರುವ ಆ ಬಂಧುಗಳು ಯಾಕೆ ಪ್ರಯತ್ನಿಸಬಾರದು? ಗಡ್ಡ ತೆಗೆದು ಬರಬೇಕು, ಅಷ್ಟೇ.

ಅಜ್ಜಿ ನಿಮಗೆ ವರಮಹಾಲಕ್ಷ್ಮಿ ಹಬ್ಬದ ಅರಿಶಿನ, ಕುಂಕುಮ, ರವಿಕೆ ಕಣ ಕಳಿಸಿದ್ದಾರೆ. ತಡವಾಯಿತು, ಬೇಸರ ಬೇಡ.

ಲಹರಿ


ಬನ್ನಿಮಂಟಪ
25 ಆಗಸ್ಟ್ 2025

ಲಹರಿಗೆ,

ಅಜ್ಜಿಯವರು ಕಳಿಸಿದ್ದು ತಲುಪಿತು. ಮುತ್ತೈದೆಯರಿಗೆ ಕೊಡುವುದನ್ನು ನನಗೆ ಕಳಿಸಿದ್ದಾರಲ್ಲ, ವಯಸ್ಸಾದವರು, ಮರೆತಿರಬೇಕು. ಆದರೂ ಮನೆಗೆ ಬಂದ ಅರಿಶಿನವನ್ನು ಹಿಂದಕ್ಕೆ ಕಳಿಸಬಾರದು. ಇಟ್ಟುಕೊಂಡೆ. ಅವರ ಕಾಲಿಗೆ ನನ್ನ ನಮಸ್ಕಾರ ತಿಳಿಸಿ.

ಆ ಬಂಧುಗಳ ಹೆಸರು ಮರಿರಾಜು, ನಮ್ಮ ಯಜಮಾನರ ಚಿಕ್ಕಪ್ಪನ ಮಗ. ನೋಡುವುದಕ್ಕೆ ಸ್ವಲ್ಪ ಹಾಗೇ ಇದ್ದಾರೆ. ನಿಮ್ಮ ಪತ್ರ ಓದಿ ಹೇಳಿದ ತಕ್ಷಣ ಬಚ್ಚಲಿಗೆ ಹೋಗಿ ಗಡ್ಡ ತೆಗೆದುಕೊಂಡು ಬಂದರು. ಈಗ ಕನ್ನಡಿ ಮುಂದೆ ನಿಂತು ಚೆಲುವರಾಜು ಹೇಗೆ ನಡೆಯುತ್ತಿದ್ದರು ಎಂದು ಅಭ್ಯಾಸ ಮಾಡುತ್ತಿದ್ದಾರೆ. ಸರಿ ಬರುತ್ತಿಲ್ಲವಂತೆ, ನನ್ನನ್ನು ಕೇಳುತ್ತಾರೆ. ನಾನೇನು ಹೇಳಲಿ?

ಕಾರು ಕಳಿಸಿದರೆ ಚೆನ್ನ. ಬಸ್ಸಿನಲ್ಲಿ ಬರಲಾರದೆ ಅಲ್ಲ. ಗೇಟಿನ ಮುಂದೆ ಸಿನಿಮಾದ ಕಾರು ಬಂದು ನಿಂತದ್ದನ್ನು ಎದುರಿನ ಟೀ ಅಂಗಡಿಯವನು ನೋಡಬೇಕು.

ಚಾಮುಂಡಮ್ಮ


ಹೈದರಾಬಾದ್
9 ಸೆಪ್ಟೆಂಬರ್ 2025

ಮಾನ್ಯ ಚಾಮುಂಡಮ್ಮನವರಿಗೆ,

ಶ್ರೀ ಮರಿರಾಜು ಅವರು ಹಿನಕಲ್ಲಿಗೆ ಬಂದು ಖಾಲಿ ಗೋದಾಮಿನಲ್ಲಿ, ಬಾರದ ಏಟಿಗೆ ನಟಿಸಿ ತೋರಿಸಿದ್ದಕ್ಕೆ ಧನ್ಯವಾದಗಳು. ಆದರೆ ವಿಷಾದದಿಂದ ತಿಳಿಸಬೇಕಾಗಿದೆ. ನಮ್ಮ ಎಐ ಅವರನ್ನು ಮೂಲ ಚೆಲುವರಾಜು ಅವರೊಂದಿಗೆ ಹೋಲಿಸಿ ನೂರಕ್ಕೆ ಅರವತ್ತೆರಡು ಅಂಕ ಕೊಟ್ಟಿದೆ. ಎಪ್ಪತ್ತು ಬಂದಿದ್ದರೆ ತೆಗೆದುಕೊಳ್ಳುತ್ತಿದ್ದರು. ಯಂತ್ರದ ಟಿಪ್ಪಣಿ ಹೀಗಿದೆ: “ಮೂಲ ಕಲಾವಿದರ ಛಾಯೆ ಅಲ್ಲಲ್ಲಿ ಇದೆ. ನಡಿಗೆಯಲ್ಲಿ ಕುಂಟು. ಹೊಟ್ಟೆ ಹೊಂದುವುದಿಲ್ಲ. ಅನುಕರಣೆ ಅತಿಯಾಯಿತು.”

ಇನ್ನೊಂದು ವಿಷಯ. ಬರುವ ಭಾನುವಾರ ಬಿಟ್ಟು ಮುಂದಿನ ಭಾನುವಾರ ಮಹಾಲಯ ಅಮಾವಾಸ್ಯೆ. ಅಂದು ಪತ್ರಿಕೆಗಳಲ್ಲಿ ಚೆಲುವರಾಜು ಅವರ ಫೋಟೋ ಹಾಕಿ ದೊಡ್ಡ ಶ್ರದ್ಧಾಂಜಲಿ ಜಾಹೀರಾತು ಕೊಡಬೇಕೆಂದು ಪ್ರಚಾರ ವಿಭಾಗ ನಿರ್ಧರಿಸಿದೆ. ನಿಮ್ಮ ಅಭ್ಯಂತರವಿದ್ದರೆ ಲಿಖಿತವಾಗಿ ತಿಳಿಸಿ. ಲಿಖಿತವಾಗಿಯೇ ತಿಳಿಸಿ, ನಿಮ್ಮದೇ ಕೈಬರಹದಲ್ಲಿ.

ಲಹರಿ


ಬನ್ನಿಮಂಟಪ
13 ಸೆಪ್ಟೆಂಬರ್ 2025

ಲಹರಿ,

ಅರವತ್ತೆರಡಂತೆ. ಮದುವೆಯಾದಾಗಿನಿಂದ ಈ ಮನುಷ್ಯನ ಜೊತೆ ಬಾಳುತ್ತಿದ್ದೇನೆ. ಒಂದೊಂದು ದಿನ ನಾನೇ ಮೂವತ್ತೈದು ಕೊಟ್ಟು ಪಾಸು ಮಾಡಿದ್ದೇನೆ. ಆದರೆ ಅದು ನನ್ನ ಹಕ್ಕು, ನಿಮ್ಮ ಯಂತ್ರದ್ದಲ್ಲ.

ಮರಿರಾಜು ಅನ್ನುವವರು ಈ ಭೂಮಿಯ ಮೇಲಿಲ್ಲ. ನಿಮ್ಮ ಗೋದಾಮಿಗೆ ಬಂದದ್ದು ಚೆಲುವರಾಜುವೇ. ಬದುಕಿದ್ದಾರೆ, ಉಣ್ಣುತ್ತಿದ್ದಾರೆ, ಇವತ್ತು ಬೆಳಿಗ್ಗೆ ಮುದ್ದೆ ಗಟ್ಟಿಯಾಯಿತು ಎಂದು ಜಗಳ ಆಡಿದ್ದಾರೆ. ಅವರ ಅನುಕರಣೆ ಅತಿಯಾಯಿತೇ? ಅವರು ಮತ್ತೆ ಯಾರ ಹಾಗೆ ಇರಬೇಕಿತ್ತು? ಕುಂಟು ಎಂದಿದೆ ನಿಮ್ಮ ಯಂತ್ರ. ಆ ಕುಂಟು ಸಿನಿಮಾದವರೇ ಕೊಟ್ಟದ್ದು, ಬಾವಿಕಟ್ಟೆಯಿಂದ ಬೀಳಿಸಿ. ಹೊಟ್ಟೆ ನಾನು ಕೊಟ್ಟದ್ದು, ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಸುಳ್ಳು ಹೇಳಿದೆ ಎನ್ನಬೇಡಿ. ನನ್ನ ಪತ್ರಗಳನ್ನೆಲ್ಲ ತೆಗೆದು ನೋಡಿ, ಮರಿರಾಜು ಒಬ್ಬನನ್ನು ಬಿಟ್ಟರೆ ಒಂದು ಸುಳ್ಳಿಲ್ಲ. ಕನಸೂ ಒಂದಿದೆ, ಇರಲಿ. ಆದರೆ ಅವರು ಸತ್ತರೆಂದು ನಾನು ಎಲ್ಲೂ ಬರೆದಿಲ್ಲ. ಬರೆದವರು ನೀವು. ಜೂನ್ ತಿಂಗಳಲ್ಲಿ ನಾನು ಬರೆದು ಸಾಸಿವೆ ಡಬ್ಬಿ ಕೆಳಗೆ ಇಟ್ಟ ಪತ್ರವನ್ನೂ ಇದರ ಜೊತೆ ಕಳಿಸಿದ್ದೇನೆ, ಓದಿಕೊಳ್ಳಿ.

ಅಮಾವಾಸ್ಯೆಗೆ ಪೇಪರಿನಲ್ಲಿ ಫೋಟೋ ಹಾಕಿಸುತ್ತೀರಾ? ಹಾಕಿಸಿದ ದಿನ ಮೊದಲ ಬಸ್ಸು ಹಿಡಿದು ಹೈದರಾಬಾದಿಗೆ ಬಂದು ನಿಮ್ಮ ಸ್ಟುಡಿಯೋ ಬಾಗಿಲಲ್ಲಿ ಕೂರುತ್ತೇನೆ. ಇಂಥ ಹೊತ್ತಿನಲ್ಲೂ ಈ ಮನುಷ್ಯ “ಯಾವ್ ಫೋಟೋ ಆಕ್ತಾರಂತೆ?” ಎಂದು ಕೇಳಿದರು. ಅವರ ಹಣೆಬರಹಕ್ಕೆ ನಾನೇನು ಮಾಡಲಿ.

ಲಹರಿ, ಅವರಿಗೆ ಹೆಸರು ಬೇಡ, ಹಾರ ಬೇಡ. ಕ್ಯಾಮೆರಾ ಮುಂದೆ ಇನ್ನೊಂದೇ ಸಲ ನಿಲ್ಲಬೇಕು. ಎಂಟು ವರ್ಷ ಕಾದರು. ನಿಮ್ಮ ಅಂಕ ಬಂದಮೇಲೆ ಕನ್ನಡಿಗೆ ಟವಲ್ ಹೊದಿಸಿದ್ದಾರೆ. “ನಾನೇ ನಾನಾಗಿಲ್ಲ ಅಂದ್ಮ್ಯಾಲೆ ಇನ್ನೇನು ಬುಡು,” ಅನ್ನುತ್ತಾರೆ. ಏಟು ತಿಂದು ಬಂದ ದಿನವೂ ಅವರು ಹೀಗೆ ಮುಖ ಮುಚ್ಚಿಕೊಂಡವರಲ್ಲ.

ಚಾಮುಂಡಮ್ಮ


ಹೈದರಾಬಾದ್
18 ಸೆಪ್ಟೆಂಬರ್ 2025

ಪ್ರೀತಿಯ ಚಾಮುಂಡಮ್ಮನವರಿಗೆ,

ಜಾಹೀರಾತು ನಿಂತಿತು. ಮೊದಲು ಅದು ನಿಮಗೆ ಗೊತ್ತಾಗಲಿ.

ಇನ್ನು ನನ್ನ ಸರದಿ. ಅಜ್ಜಿ ಜುಲೈಯಲ್ಲಿ ಹೇಳಿದ ಮಾತು ಇದು: “ಗಂಡ ತೀರಿಕೊಂಡೋಳು ಕಾಗದದ ಮೂಲೆಗೆ ಅರಿಶಿನ ಕುಂಕುಮ ಹಚ್ಚೋದಿಲ್ಲ ಕಣೇ. ಈ ಮನುಷ್ಯ ಗುಂಡುಕಲ್ಲಿನ ಹಾಗೆ ಇದ್ದಾನೆ.” ಮರುದಿನವೇ ಆಫೀಸಿನಲ್ಲಿ ಹೇಳಿದೆ. ಅರಿಶಿನ ಎಲ್ಲಿದೆ ತೋರಿಸಿ ಎಂದರು. ಕಡತದಲ್ಲಿದ್ದ ಪ್ರತಿಯಲ್ಲಿ ಯಂತ್ರ ಅದನ್ನು ಅಳಿಸಿತ್ತು, ಮೂಲ ಕಾಗದ ತೋರಿಸಿದರೆ ಅದು ಸಾಂಬಾರಿನ ಕಲೆ ಎಂದರು. ‘ನಿಮ್ಮ ಅಜ್ಜಿಗಿಂತ ನಮ್ಮ ಯಂತ್ರಕ್ಕೆ ಹೆಚ್ಚು ಗೊತ್ತು, ಬದುಕಿದ್ದಾರೆಂದು ಅವರ ಪತ್ನಿಯೇ ಬರೆದುಕೊಟ್ಟರೆ ನೋಡೋಣ’ ಎಂದು ನನ್ನನ್ನು ಕಳಿಸಿದರು.

ನೀವೋ ಬರೆಯಲೊಲ್ಲಿರಿ. ಅನುಕರಿಸುವವರನ್ನು ಹುಡುಕೋಣ ಎಂಬ ಉಪಾಯ ನನ್ನದೇ. ಕಣ್ಣೆದುರು ಬಂದು ನಿಂತರೆ ಸಮರ್ಥ ಅವರಿಗೆ ಗುರುತು ಸಿಗುತ್ತದೆ ಎಂದುಕೊಂಡೆ. ಅವರು ಅಂಕ ನೋಡಿದರು, ಮನುಷ್ಯನನ್ನು ನೋಡಲಿಲ್ಲ. ಆಮೇಲೆ ಆ ಅಂಕಗಳನ್ನು ನಿಮಗೆ ಬರೆಯುವಾಗ ನಿಮಗೆ ಕೋಪ ಬರಲಿ ಎಂದೇ ಬರೆದೆ. ಟವಲ್ ಹೊದಿಸಿದ ಕನ್ನಡಿಯ ವಿಷಯ ಓದಿ ಅತ್ತೆ. ಅವರಿಗೆ ನೋವು ಮಾಡಿದ್ದಕ್ಕೆ ಕ್ಷಮಿಸಿ.

ನಿಮ್ಮ ಎರಡೂ ಪತ್ರಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದೆ. ಕಾನೂನು ವಿಭಾಗದವರ ಮುಖ ಸುಣ್ಣದ ಹಾಗೆ ಬಿಳುಚಿತು. ಸಮರ್ಥ ಅವರು ಆಗ ಮೊದಲ ಸಲ ಹಿನಕಲ್ಲಿನ ವಿಡಿಯೋವನ್ನು ಪೂರ್ತಿ ನೋಡಿದರು. ಬಾರದ ಏಟಿಗೆ ಚೆಲುವರಾಜು ಅವರು ಕಣ್ಣು ಮುಚ್ಚಿ, ಒಂದು ಕಣ್ಣು ತೆರೆದು ‘ಹೋದರಾ?’ ಎಂದು ನೋಡುತ್ತಾರಲ್ಲ, ಅಲ್ಲಿ ನಕ್ಕರು. ಮತ್ತೆ ಹಾಕಿಸಿಕೊಂಡು ನಕ್ಕರು.

ಯಂತ್ರದ ಮುಖ ಬೇಡ ಎಂದು ತೀರ್ಮಾನವಾಗಿದೆ. ವಿಜಯದಶಮಿಯ ನಂತರದ ಸೋಮವಾರ ಹಿನಕಲ್ಲಿನಲ್ಲಿ ಚಿತ್ರೀಕರಣ. ವಿಶ್ರುತ್ ಅವರೇ ಬರುತ್ತಾರೆ. ಕರೆಪತ್ರವನ್ನು ಕೈಯಲ್ಲಿ ಬರೆದಿದ್ದೇನೆ, ಏಕೆಂದರೆ ಚೆಲುವರಾಜು ಎಂದು ಟೈಪು ಮಾಡಿದರೆ ‘ಈ ಕಲಾವಿದರು ಲಭ್ಯವಿಲ್ಲ’ ಎಂದು ಯಂತ್ರ ಇನ್ನೂ ಹಟ ಮಾಡುತ್ತಿದೆ. ಹೋದ ಸಲ ಕಳಿಸಲಾಗದ ಕಾರು ಈ ಸಲ ಬರುತ್ತದೆ, ಟೀ ಅಂಗಡಿ ತೆರೆದಿರುವ ಹೊತ್ತಿಗೇ.

ಲಹರಿ


ಬನ್ನಿಮಂಟಪ
8 ಅಕ್ಟೋಬರ್ 2025

ಮಗಳು ಲಹರಿಗೆ ಚಾಮುಂಡಮ್ಮನ ಆಶೀರ್ವಾದ.

ಎಂಥ ಕಳ್ಳಿ ನೀನು. ನಿಮ್ಮ ಅಜ್ಜಿ ನಿನಗಿಂತ ದೊಡ್ಡ ಕಳ್ಳಿ. ಇಬ್ಬರೂ ನೂರು ಕಾಲ ಚೆನ್ನಾಗಿರಿ.

ಆಯುಧಪೂಜೆಗೆ ಎಲ್ಲರ ಮನೆಯಲ್ಲಿ ಸ್ಕೂಟರ್ ತೊಳೆದರೆ ನಮ್ಮ ಮನೆಯಲ್ಲಿ ಪೇದೆ ಟೋಪಿಗೂ ಗಡ್ಡ ತೆಗೆಯುವ ರೇಜರಿಗೂ ಪೂಜೆ ನಡೆಯಿತು. ಸೋಮವಾರ ಕಾರು ಬಂತು. ಟೀ ಅಂಗಡಿಯವನು ಆಚೆ ಬಂದು ನಿಂತ. ಇವರು ಕಾರಿನ ಬಾಗಿಲನ್ನು ಎರಡು ಸಲ ತೆಗೆದು ಎರಡು ಸಲ ಹಾಕಿದರು.

ಇಷ್ಟು ವರ್ಷದಲ್ಲಿ ನಾನು ಒಂದು ಶೂಟಿಂಗಿಗೂ ಹೋದವಳಲ್ಲ. ಇವರು ಏಟು ತಿನ್ನುವುದನ್ನು ಕಣ್ಣಾರೆ ನೋಡಲಾರೆ ಎಂದು. ಈ ಸಲ ಹೋದೆ. ಆ ಹುಡುಗ ವಿಶ್ರುತ್ ಒಳ್ಳೆಯವನು, ದೊಡ್ಡವರು ಎಂದು ಕಾಲಿಗೆ ಬಿದ್ದ, ಆಮೇಲೆ ಕೈಯೇ ಎತ್ತಲೊಲ್ಲ. ಮೆಲ್ಲಗೆ ತಟ್ಟಿದಂತೆ ಮಾಡಿದ. ಇವರಿಗೆ ರೇಗಿತು.

“ಏನಪ್ಪಾ, ಮಗಿಗೆ ಪೌಡರ್ ಆಕ್ತಾ ಇದ್ದೀಯಾ? ಸರ್ಯಾಗಿ ಬುಡು. ಎಂಟು ವರ್ಷದಿಂದ ಕಾಯ್ತಾ ಇವ್ನಿ ಕಣೋ ಇದ್ಕೆ.”

ಅವನು ಬಿಟ್ಟ. ಗೋದಾಮಿಗೆಲ್ಲ ಕೇಳಿಸಿತು. ಇವರ ಕೈ ಮೊದಲು ಟೋಪಿಗೆ ಹೋಯಿತು. ಟೋಪಿ ನೆಟ್ಟಗಿದೆ ಎಂದು ಸಮಾಧಾನವಾಯಿತು. ಆಮೇಲೆ ಕೆನ್ನೆ ನೆನಪಾಯಿತು ನೋಡು. ದೀಪ ಹಿಡಿದವರು ನಕ್ಕರು, ನಿಮ್ಮ ಸಮರ್ಥ ನೆಲದ ಮೇಲೆ ಕೂತು ನಕ್ಕರು. ನಾನು ಮಾತ್ರ ಎದ್ದು ನಿಂತು “ಯಾವನೋ ಅವನು, ನನ್ನ ಗಂಡನ ಮೇಲೆ ಕೈ ಮಾಡಿದೋನು?” ಎಂದುಬಿಟ್ಟೆ. ಅದೂ ಕ್ಯಾಮೆರಾದಲ್ಲಿ ಬಂದಿದೆಯಂತೆ. ಇಟ್ಟುಕೊಳ್ಳುತ್ತೇವೆ, ಸಹಿ ಮಾಡಿ ಎಂದರು. ಈ ಸಲ ಪತ್ರದಲ್ಲಿ ಆ ಜಾಗದಲ್ಲಿ ‘ಕಲಾವಿದರ ಪತ್ನಿ’ ಎಂದಿತ್ತು. ಅಲ್ಲೇ ನಿಂತುಕೊಂಡು ಸಹಿ ಮಾಡಿದೆ, ರಾಹುಕಾಲ ಇತ್ತೋ ಏನೋ ನೋಡಲಿಲ್ಲ.

ಇನ್ನೊಂದು ಟೇಕ್ ಬೇಕೇ ಎಂದು ಯಾರೂ ಕೇಳಿರಲಿಲ್ಲ. ಇವರೇ ಕೇಳಿ ಕೇಳಿ ಮತ್ತೆ ಏಟು ಹಾಕಿಸಿಕೊಂಡರು.

ಈಗ ಬಲಗೆನ್ನೆ ಬೋಂಡದ ಹಾಗೆ ಊದಿದೆ. ಆದರೂ ಬೆಳಿಗ್ಗೆ ಎದ್ದು, ಕನ್ನಡಿಯ ಟವಲ್ ತೆಗೆದು ಭುಜಕ್ಕೆ ಹಾಕಿಕೊಂಡು, ಊತದ ಸುತ್ತ ಹುಷಾರಾಗಿ ಗಡ್ಡ ತೆಗೆದರು. ಕುರ್ಚಿ ಮತ್ತೆ ಗೇಟಿನ ಕಡೆಗೆ ತಿರುಗಿದೆ. ಹೋಗಿ ಬರುವವರಿಗೆಲ್ಲ ಬಲಗೆನ್ನೆ ಕಾಣುವ ಹಾಗೆ ಓರೆಯಾಗಿ ಕೂತಿದ್ದಾರೆ. ಅಜ್ಜಿ ಕಳಿಸಿದ ಅರಿಶಿನವನ್ನು ಬಿಸಿ ನೀರಲ್ಲಿ ಕಲಸಿ ಪಟ್ಟು ಹಾಕಲು ಹೋದರೆ ಹತ್ತಿರ ಬಿಡುತ್ತಿಲ್ಲ.

“ಓಗೇ, ಊತ ಇಳಿದ್ಬುಟ್ರೆ ಜನಕ್ಕೆ ಏನ್ ತೋರಿಸ್ಲಿ?” ಅನ್ನುತ್ತಾರೆ.

ಕಲಸಿದ ಅರಿಶಿನವನ್ನು ಚೆಲ್ಲಬಾರದಲ್ಲ. ಅದನ್ನೇ ಈ ಕಾಗದದ ನಾಲ್ಕೂ ಮೂಲೆಗೆ ಧಾರಾಳವಾಗಿ ಬಳಿದಿದ್ದೇನೆ. ನಿಮ್ಮ ಯಂತ್ರಕ್ಕೆ ಹೇಳು, ಇದನ್ನು ಅಳಿಸಬೇಡ ಅಂತ.

ಚಾಮುಂಡಮ್ಮ